ಕೊಬ್ಬರಿ ವಿಮಾನ ಹತ್ತಲ್ಲ

ಹೋದ ವಾರ ದೊಡ್ಡಪ್ಪನ ಮಗಳು ಫೋನ್ ಮಾಡಿದ್ದಳು. ಅವಳ ಅತ್ತೆ ನೆದರ್ಲೆಂಡ್ಸ್‌ಗೆ ಹೊರಟಿದ್ದಾರೆ, ಮಗನ ಮನೆಗೆ. ಮೊದಲ ಸಲ ವಿಮಾನ ಹತ್ತೋದು. "ಚಿಕ್ಕಮ್ಮನ್ನ ಜರ್ಮನಿಗೆ ಕಳಿಸುವಾಗ ನೀನೊಂದು ಲಿಸ್ಟ್ ಮಾಡಿದ್ದೆಯಲ್ಲ, ಅದನ್ನ ಕಳಿಸೋ" ಅಂದಳು.

ಆ ಲಿಸ್ಟು ನಮ್ಮ ನೆಂಟರ ನಡುವೆ ಸ್ವಲ್ಪ ಫೇಮಸ್ಸು. ಎಕ್ಸೆಲ್ ಶೀಟು, 64 ಸಾಲು. ಮುಗಿದದ್ದಕ್ಕೆ ಹಸಿರು, ಅರ್ಧ ಆದದ್ದಕ್ಕೆ ಹಳದಿ, ಆಗದ್ದಕ್ಕೆ ಕೆಂಪು. ಆಫೀಸಲ್ಲಿ ದಿನವಿಡೀ ಮಾಡೋದು ಇದನ್ನೇ, ಹಾಗಾಗಿ ಮನೆ ವಿಷಯಕ್ಕೂ ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಕಳಿಸೋ ಮುಂಚೆ ಒಮ್ಮೆ ತೆರೆದು ನೋಡಿದೆ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್, ಬಿಪಿ ಮಾತ್ರೆ, ಥರ್ಮಲ್, ಅಡಾಪ್ಟರ್. ಎಲ್ಲ ಹಸಿರು. ಒಂದೂ ತಪ್ಪಿಲ್ಲ. ಆದರೆ ಓದ್ತಾ ಓದ್ತಾ ಒಂಥರಾ ಕಸಿವಿಸಿ ಶುರುವಾಯಿತು. 2024ರಲ್ಲಿ ಆ ಆರು ತಿಂಗಳು ನಮ್ಮ ಮನೆಯಲ್ಲಿ ನಡೆದದ್ದು ಇದಲ್ಲವೇ ಅಲ್ಲ. ನಾನು ತಯಾರಿ ಅಂದುಕೊಂಡು ಒಂದು ಕಡೆ ಓಡಾಡ್ತಿದ್ದೆ, ಅಮ್ಮ ತಯಾರಿ ಅಂತ ಇನ್ನೇನೋ ಮಾಡ್ತಿದ್ದಳು. ಅವಳು ಮಾಡಿದ್ದು ಈ ಶೀಟಲ್ಲಿ ಒಂದು ಸಾಲೂ ಇಲ್ಲ.

ತಂಗಿ ಇರೋದು ಫ್ರಾಂಕ್‌ಫರ್ಟ್ ಹತ್ತಿರದ ಒಂದು ಸಣ್ಣ ಊರಲ್ಲಿ. ಅಕ್ಟೋಬರ್ ಕೊನೆಗೆ ಹೆರಿಗೆ ಅಂತ ಡಾಕ್ಟರ್ ದಿನ ಕೊಟ್ಟಿದ್ದರು. ಊರಿಗೆ ಬಾ ಅಂದರೆ ಬರೋ ಹಾಗಿರಲಿಲ್ಲ, ಅಲ್ಲೇ ಆಗಬೇಕು. ಅಂದಮೇಲೆ ಅಮ್ಮ ಹೋಗಲೇಬೇಕು, ಅದರಲ್ಲಿ ಚರ್ಚೆಯೇ ಇಲ್ಲ. ನಮ್ಮಮ್ಮ ಅದುವರೆಗೆ ಹೋಗಿದ್ದ ಅತಿ ದೂರದ ಊರು ಕಾಶಿ. ಮನೆ ಬಿಟ್ಟು ಒಟ್ಟಿಗೆ ಇದ್ದದ್ದು ಜಾಸ್ತಿ ಅಂದರೆ ಒಂಬತ್ತು ದಿನ, ಅದೂ ಆ ಕಾಶಿಗೆ ಹೋದಾಗಲೇ. ವಾಪಸ್ ಬಂದವಳು ಕಾಲು ತೊಳೆಯೋ ಮುಂಚೆ ಹಟ್ಟಿ ಹಿಂದೆ ಹೋಗಿ ಕರಿಬೇವಿನ ಗಿಡ ಬದುಕಿದೆಯಾ ನೋಡಿದ್ದಳು.

ಎಚ್ ಬೇಕಾ, ಬೇಡವಾ

ಅಮ್ಮನ ಹೆಸರಲ್ಲಿ ಒಂದು 'ತ್ರ' ಇದೆ. ಕನ್ನಡದಲ್ಲಿ ಬರೆದರೆ ಯಾರಿಗೂ ಏನೂ ತೊಂದರೆ ಇಲ್ಲ. ಇಂಗ್ಲಿಷಲ್ಲಿ ಬರೆಯುವಾಗ ಟಿ ಆದಮೇಲೆ ಒಂದು ಎಚ್ ಹಾಕಬೇಕೋ ಬೇಡವೋ ಅನ್ನೋದನ್ನ ನಲವತ್ತು ವರ್ಷದಲ್ಲಿ ಬೇರೆ ಬೇರೆ ಗುಮಾಸ್ತರು ಬೇರೆ ಬೇರೆ ಥರ ತೀರ್ಮಾನ ಮಾಡಿದ್ದರು. ಆಧಾರ್‌ನಲ್ಲಿ ಎಚ್ ಇದೆ. ಬ್ಯಾಂಕ್ ಪಾಸ್‌ಬುಕ್ಕಲ್ಲಿ ಇಲ್ಲ. ವೋಟರ್ ಐಡಿಯಲ್ಲಿ ಎಚ್ ಇದೆ, ಆದರೆ ಕೊನೆಯ 'ಅಮ್ಮ' ಹಾರಿಹೋಗಿದೆ. ಪಹಣಿಯಲ್ಲಿ ಪೂರ್ತಿ ಹೆಸರು, ಮುಂದೆ 'ಕೋಂ' ಅಂತ ಹಾಕಿ ಅಪ್ಪನ ಹೆಸರು. ನಾಲ್ಕು ಕಾಗದ, ನಾಲ್ಕು ಹೆಂಗಸರು.

ಹುಟ್ಟಿದ ದಿನದ ಕಥೆ ಗೊತ್ತಿರೋದೇ. ಅಜ್ಜಿ ಹೇಳ್ತಿದ್ದ ಪ್ರಕಾರ ಅಮ್ಮ ಹುಟ್ಟಿದ್ದು ಗೌರಿ ಹಬ್ಬದ ಮಾರನೇ ದಿನ, ಮನೇಲಿ ಇನ್ನೂ ಕಡುಬಿನ ವಾಸನೆ ಇತ್ತಂತೆ. ಟಿಸಿಯಲ್ಲಿ ಇರೋದು 1961ರ ಜೂನ್ 1. ನಮ್ಮ ಕಡೆ ಹಳ್ಳಿ ಶಾಲೆಗಳಲ್ಲಿ ಓದಿದ ಆ ಕಾಲದವರಲ್ಲಿ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು. ಸ್ಕೂಲು ಶುರುವಾಗೋ ದಿನಕ್ಕೆ ವಯಸ್ಸು ಹೊಂದಿಸಿ ಹೆಡ್‌ಮಾಸ್ಟರ್ ಬರೆದುಕೊಂಡದ್ದು. ಆ ಮೇಷ್ಟ್ರು ಅಷ್ಟು ಮಾಡಿದ್ದಕ್ಕೆ ನಾನಂತೂ ಋಣಿ. ಕೈಯಲ್ಲಿ ಒಂದು ತಾರೀಕು ಅಂತ ಇತ್ತು.

ಪಾಸ್‌ಪೋರ್ಟು ಮಾಡಿಸೋದು ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಸೇವೆ ಶುರು ಮಾಡಿದ್ದು 2017ರ ಜನವರಿಯಲ್ಲಿ, ಮೊದಲು ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಆಮೇಲೆ ಬೇರೆ ಜಿಲ್ಲೆಗಳಿಗೂ ಬಂತು. ಇದಕ್ಕೆ ಮುಂಚೆ ಆಗಿದ್ದರೆ ಬೆಂಗಳೂರಿಗೇ ಹೋಗಬೇಕಿತ್ತು. 1500 ರೂಪಾಯಿ ಫೀಸಲ್ಲಿ ಅರವತ್ತು ದಾಟಿದವರಿಗೆ ಹತ್ತು ಪರ್ಸೆಂಟ್ ಕಡಿತ ಅಂದಾಗ ಅಮ್ಮ "ವಯಸ್ಸಾದದ್ದಕ್ಕೆ ಮೊದಲನೇ ಸಲ ದುಡ್ಡು ಉಳೀತು ನೋಡು" ಅಂದಳು. ಪೊಲೀಸ್ ವೆರಿಫಿಕೇಶನ್‌ಗೆ ಬಂದವರಿಗೆ ಕಾಫಿ, ಚಕ್ಕುಲಿ. "ಎಷ್ಟು ವರ್ಷದಿಂದ ಇಲ್ಲಿದ್ದೀರಮ್ಮ?" ಅಂತ ಕೇಳಿದರೆ "ಮದುವೆಯಾಗಿ ಬಂದ ದಿನದಿಂದ" ಅಂದಳು. ಅವರು ಏನು ಬರೆದುಕೊಂಡರೋ ಗೊತ್ತಿಲ್ಲ.

ತಲೆ ಕೆಟ್ಟದ್ದು ಸರ್‌ನೇಮ್ ವಿಷಯಕ್ಕೆ. ನಮಗೆಲ್ಲಿ ಸರ್‌ನೇಮು? ಇನಿಷಿಯಲ್ ಇದೆ, ಒಂದು ಊರಿಂದು, ಇನ್ನೊಂದು ಅಪ್ಪಂದೋ ಗಂಡಂದೋ. ಆ ಕಾಲಂ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಕೊಡ್ತಾರೆ. ಆದರೆ 2022ರ ನವೆಂಬರಲ್ಲಿ ಯುಎಇಯವರು ಪಾಸ್‌ಪೋರ್ಟಲ್ಲಿ ಬರೀ ಒಂದೇ ಹೆಸರಿರೋ ವಿಸಿಟ್ ವೀಸಾದವರನ್ನ ಒಳಗೆ ಬಿಡಲ್ಲ ಅಂತ ಹೇಳಿ, ಎಷ್ಟೋ ಜನ ಗಾಬರಿಯಾಗಿದ್ದರಲ್ಲ, ಅದು ನನ್ನ ತಲೆಯಲ್ಲಿ ಕೂತಿತ್ತು. ನಾವು ದುಬೈ ಮೇಲೆ ಹೋಗೋದಿರಲಿಲ್ಲ. ಆದರೂ ಸುಮ್ನೆ ಯಾಕೆ ಅಂತ ಆ ಕಾಲಂನಲ್ಲಿ ಅಪ್ಪನ ಹೆಸರು ತುಂಬಿಸಿದೆ. ಹಸಿರು ಬಣ್ಣ ಹಾಕಿದೆ. ಒಂದು ಸೊಗಸಾದ ಎಡವಟ್ಟು ಮಾಡಿದ್ದೀನಿ ಅಂತ ಆಗ ಹೊಳೆಯಲೇ ಇಲ್ಲ.

ವಾಪಸ್ ಬರ್ತೀರಾ?

ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡೋ ಷೆಂಗೆನ್ ವೀಸಾದ ಫಾರ್ಮಲ್ಲಿ ಪ್ರಯಾಣದ ಉದ್ದೇಶ ಅಂತ ಒಂದು ಪ್ರಶ್ನೆ. ಪ್ರವಾಸ, ವ್ಯಾಪಾರ, ಕ್ರೀಡೆ, ಚಿಕಿತ್ಸೆ, ಹೀಗೆ ಸಾಲಾಗಿ ಕೊಟ್ಟಿದ್ದಾರೆ. ಬಾಣಂತನ ಅನ್ನೋದಿಲ್ಲ. 'ಕುಟುಂಬದವರ ಭೇಟಿ' ಅನ್ನೋದಕ್ಕೆ ಟಿಕ್ ಹಾಕಿದೆವು. ಅಮ್ಮನಿಗೆ ಅದು ಒಪ್ಪಿಗೆ ಆಗಲಿಲ್ಲ. "ಭೇಟಿ ಅಂದ್ರೆ ಬಂದು ಕೂತು ಕಾಫಿ ಕುಡಿದು ಹೋಗೋದು. ನಾನು ಕೆಲಸಕ್ಕೆ ಹೋಗ್ತಿರೋದು." ಹಾಗಂತ ಎಲ್ಲಾದರೂ ಬಾಯಿ ಬಿಟ್ಟು ಹೇಳಿಬಿಟ್ಟೀಯಾ ಅಂತ ಬೇಡಿಕೊಂಡೆ.

ತಂಗಿ ಗಂಡ ಅಲ್ಲಿನ ವಿದೇಶೀಯರ ಕಚೇರಿಗೆ ಹೋಗಿ 29 ಯೂರೋ ಕಟ್ಟಿ ಒಂದು ಕಾಗದ ಮಾಡಿಸಿ ಕಳಿಸಿದ. ಅದರ ಹೆಸರು ಫರ್‌ಫ್ಲಿಖ್ಟುಂಗ್ಸ್‌ಎರ್‌ಕ್ಲೇರುಂಗ್. ಇವರ ಖರ್ಚೆಲ್ಲ ನನ್ನದು ಅಂತ ಅಳಿಯ ಸರ್ಕಾರಕ್ಕೆ ಬರೆದುಕೊಡೋ ಮುಚ್ಚಳಿಕೆ. ವೀಸಾ ಫೀಸು 80 ಯೂರೋ ಇದ್ದದ್ದು ಆ ಜೂನ್‌ನಲ್ಲೇ 90 ಆಗಿತ್ತು, ನಾವು ಸರಿಯಾಗಿ ಏರಿದ ಮೇಲೆ ಹೋಗಿ ಕಟ್ಟಿದೆವು. ಇನ್ಶೂರೆನ್ಸು ಕಡಿಮೆ ಅಂದರೂ 30,000 ಯೂರೋದ್ದು ಇರಬೇಕು. ಪಾಲಿಸಿ ಬಂದಾಗ ಅಮ್ಮ "ಇದರಲ್ಲಿ ಏನು ಬರೆದಿದೆ ಓದು" ಅಂದಳು. ಆಸ್ಪತ್ರೆ ಖರ್ಚು, ತುರ್ತು ಚಿಕಿತ್ಸೆ ಅಂತ ಓದಿದೆ. ಅದರ ಕೆಳಗಿನ ಸಾಲು, ಅಲ್ಲೇ ತೀರಿಕೊಂಡರೆ ದೇಹ ಊರಿಗೆ ತರೋ ಖರ್ಚಿನದು. ಷೆಂಗೆನ್ ಇನ್ಶೂರೆನ್ಸಲ್ಲಿ ಅದು ಇರಲೇಬೇಕು. ಆ ಸಾಲನ್ನ ಹಾರಿಸಿ ಪುಟ ತಿರುಗಿಸಿದೆ. ಅಮ್ಮ ಏನೂ ಕೇಳಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕೆಲಸ ಅಂದರೆ ಅವಳು ವಾಪಸ್ ಬರ್ತಾಳೆ ಅಂತ ರುಜುವಾತು ಮಾಡೋದು. ಊರಲ್ಲಿ ಬೇರು ಇದೆ ಅನ್ನೋದಕ್ಕೆ ಕಾಗದ ಬೇಕು. ಸಂಬಳದ ಚೀಟಿ ಇಲ್ಲ, ಪೆನ್ಷನ್ ಇಲ್ಲ, ಐಟಿ ರಿಟರ್ನ್ಸ್ ಇಲ್ಲ. ಇರೋದು ಅಮ್ಮನ ಹೆಸರಲ್ಲಿ ಒಂದು ಎಕರೆ ಹತ್ತು ಗುಂಟೆ ತೆಂಗಿನ ತೋಟ, ತಿಪಟೂರು ತಾಲ್ಲೂಕಲ್ಲಿ. ಪಹಣಿ ತೆಗೆಸಿ, ಇಂಗ್ಲಿಷಿಗೆ ಮಾಡಿಸಿ, ನೋಟರಿ ಹಾಕಿಸಿದೆ. ಅನುವಾದ ಮಾಡಿದವರು ಖರಾಬು, ತರಿ, ಬಾಗಾಯ್ತು ಅನ್ನೋ ಕಾಲಂಗಳ ಜೊತೆ ಒಂದು ಮಧ್ಯಾಹ್ನವಿಡೀ ಒದ್ದಾಡಿದರು. ಅಮ್ಮ ಇದನ್ನೆಲ್ಲ ನೋಡಿ, "ಅವರಿಗೆ ಯಾಕಪ್ಪ ಇಷ್ಟು ಅನುಮಾನ? ಹೋಗಿ ಬರ್ತೀನಿ ಅಂತ ಹೇಳಿದರೆ ಸಾಲದಾ?" ಅಂದಳು. ಅದೂ ನಿಜವೇ. ನಮ್ಮಲ್ಲಿ ಸೊಪ್ಪು ತರೋಕೆ ಹೊರಟರೂ ಬಾಯಲ್ಲಿ ಬರೋದು ವಾಪಸ್ ಬರ್ತೀನಿ ಅನ್ನೋ ಮಾತೇ. ಬರೀ "ಹೋಗ್ತೀನಿ" ಅಂದರೆ ಹೊಸ್ತಿಲಲ್ಲೇ ಬೈಸಿಕೊಳ್ಳಬೇಕು.

ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ನಡೆದದ್ದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಕೌಂಟರ್‌ನಲ್ಲಿದ್ದ ಹುಡುಗಿ ಕನ್ನಡದವಳೇ. ಕಾಗದ ಎಲ್ಲ ನೋಡಿ, ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು, ಸುಮ್ನೆ ಖಾತ್ರಿ ಮಾಡಿಕೊಳ್ಳೋಕೆ ಅಂತ "ಹೆಸರು ಹೇಳಿ ಅಮ್ಮ" ಅಂದಳು. ಅಮ್ಮ ಹೇಳಿದಳು. "ಸರ್‌ನೇಮ್?"

ಅಮ್ಮ ಸುಮ್ಮನಾದಳು. ನನ್ನ ಮುಖ ನೋಡಿದಳು. ಆಗ ನನಗೆ ಅರ್ಥವಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮಮ್ಮ ಅಪ್ಪನ ಹೆಸರನ್ನ ಬಾಯಿಬಿಟ್ಟು ಹೇಳಿದವಳೇ ಅಲ್ಲ. ರೇಷನ್ ಅಂಗಡಿಯಲ್ಲೂ "ಇವರದೇ" ಅಂತ ನಮ್ಮ ಕಡೆ ಕೈ ತೋರಿಸ್ತಿದ್ದಳು. ಮದುವೆಮನೆಗಳಲ್ಲಿ ಒಗಟು ಹಾಕಿ ಗಂಡನ ಹೆಸರು ಹೇಳಿಸ್ತಾರಲ್ಲ, ಅಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಈಗ ಅದನ್ನೇ ಅವಳ ಹೆಸರು ಮಾಡಿ ಕೂರಿಸಿದ್ದೆ. "ನೀನೇ ಹೇಳೋ" ಅಂತ ಪಿಸುಗುಟ್ಟಿದಳು. "ಅವರೇ ಹೇಳಬೇಕು ಸರ್" ಅಂತ ಹುಡುಗಿ. ಹಿಂದೆ ಕ್ಯೂ ಇತ್ತು. ಅಮ್ಮ ಸೆರಗು ಸರಿಮಾಡಿಕೊಂಡು, ನೆಲ ನೋಡ್ತಾ, ಅಪ್ಪನ ಹೆಸರು ಹೇಳಿದಳು. ಎಷ್ಟು ಮೆಲ್ಲಗೆ ಅಂದರೆ ಆ ಹುಡುಗಿಗೆ ಕೇಳಿಸಿತೋ ಇಲ್ಲವೋ. ಆದರೂ ಅವಳು ತಲೆ ಎತ್ತಿ ನಕ್ಕು "ಆಯ್ತಮ್ಮ" ಅಂದಳು. ಅವಳಿಗೂ ಅರ್ಥವಾಗಿತ್ತು ಅಂತ ಕಾಣುತ್ತೆ, ಅವಳ ಮನೇಲೂ ಅಜ್ಜಿ ಇರ್ತಾರಲ್ಲ.

ಆಮೇಲೆ ಬೆರಳಚ್ಚು. ಗಾಜಿನ ಮೇಲೆ ನಾಲ್ಕು ಬೆರಳು ಇಟ್ಟರೆ ಯಂತ್ರ ಹಸಿರಾಗಬೇಕು. ಆಗಲಿಲ್ಲ. ಒರೆಸಿ ಇಟ್ಟರು, ಇಲ್ಲ. ಒದ್ದೆ ಟಿಶ್ಯೂ ಕೊಟ್ಟರು, ಇಲ್ಲ. ಇದು ನಮಗೆ ಹೊಸದಲ್ಲ, ರೇಷನ್ ಅಂಗಡಿಯಲ್ಲೂ ಅಮ್ಮನ ಬೆರಳು ಒಂದೊಂದು ತಿಂಗಳು ಹತ್ತೋದಿಲ್ಲ. ಮೂವತ್ತು ನಲವತ್ತು ವರ್ಷ ಮಚ್ಚು ಹಿಡಿದು ಕರಟ ಬಿಡಿಸಿದ ಕೈ. ಬೆರಳ ತುದಿಯಲ್ಲಿ ಗೆರೆಗಳು ಸವೆದು ನುಣ್ಣಗಾಗಿವೆ, ಬದಲಿಗೆ ಅಡ್ಡಡ್ಡ ಸೀಳು. ಅಲ್ಲಿದ್ದ ಹುಡುಗ ಸಣ್ಣ ಕ್ರೀಮ್ ಡಬ್ಬಿ ತಂದು ಅಮ್ಮನ ಬೆರಳಿಗೆ ಒಂದೊಂದಾಗಿ ಹಚ್ಚಿ, ತನ್ನ ಕೈಯಿಂದಲೇ ಗಾಜಿನ ಮೇಲೆ ಒತ್ತಿ ಹಿಡಿದ. ಬಲಗೈ ಬಂತು. ಎಡಗೈ ಐದನೇ ಸಲಕ್ಕೆ ಬಂತು. ಆಚೆ ಬಂದಮೇಲೆ ಅಮ್ಮ ಕೈ ಮೂಸಿ ನೋಡಿಕೊಂಡು, "ಒಳ್ಳೇ ವಾಸನೆ. ಕೊಬ್ಬರಿ ಎಣ್ಣೆ ಕೊಟ್ಟಿದ್ರೆ ಬೇಗ ಬರ್ತಿತ್ತು" ಅಂದಳು. ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್ ಅಂತ ಇಷ್ಟು ದಪ್ಪ ಫೈಲ್ ಮಾಡಿಕೊಂಡು ಹೋಗಿದ್ದೆ, ಅವಳು ಎಲ್ಲಿಯವಳು ಅಂತ ತೋರಿಸೋಕೆ. ಆ ಕೈ ಒಂದನ್ನ ಸರಿಯಾಗಿ ನೋಡಿದ್ದರೆ ಸಾಕಿತ್ತು.

ಹನ್ನೆರಡು ದಿನಕ್ಕೆ ವೀಸಾ ಬಂತು.

ತೊಂಬತ್ತು ದಿನ ಮತ್ತು ಶುಕ್ರವಾರ

180 ದಿನದಲ್ಲಿ 90 ದಿನ ಇರಬಹುದು. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. "ಮೂರು ತಿಂಗಳ ಬಾಣಂತನ ಅಂತ ಅವರಿಗೂ ಗೊತ್ತಲ್ಲ" ಅಂತ ಅಮ್ಮನಿಗೆ ಖುಷಿ. ಮಗು ಅಕ್ಟೋಬರ್ ಕೊನೆಗೆ, ಅದಕ್ಕೆ ಮುಂಚೆ ಹೋದಷ್ಟೂ ಆಮೇಲಿನ ದಿನ ಕಡಿಮೆ ಆಗುತ್ತೆ ಅಂತ ವಿವರಿಸಿದಾಗ ಆ ಖುಷಿ ಅರ್ಧ ಇಳಿಯಿತು.

ಸೆಪ್ಟೆಂಬರ್ ಕೊನೆಗೆ ಟಿಕೆಟ್ ನೋಡಿದೆ. ಪಿತೃಪಕ್ಷ, ಆಗಲ್ಲ. ಮಹಾಲಯ ಅಮಾವಾಸ್ಯೆ ಅಕ್ಟೋಬರ್ 2ಕ್ಕೆ. ಹಿರಿಯರಿಗೆ ಎಡೆ ಇಡದೆ ಸಮುದ್ರ ದಾಟೋದುಂಟಾ? ಸರಿ, 5ನೇ ತಾರೀಕು ನೋಡಿದೆ. ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನ, ನಡುರಾತ್ರಿ ಕಳೆದ ಮೇಲೆ ಹೊರಡೋದು. ಟಿಕೆಟ್ ಪ್ರಕಾರ ಶನಿವಾರ. ಅಮ್ಮನ ಪ್ರಕಾರ ಅದು ಶುಕ್ರವಾರ. ಸೂರ್ಯ ಹುಟ್ಟಿದ ಮೇಲೆ ತಾನೇ ಶನಿವಾರ ಆಗೋದು? ಶುಕ್ರವಾರ ಹೆಣ್ಣುಮಗಳು ಮನೆ ಬಿಟ್ಟು ಹೊರಡೋ ಹಾಗಿಲ್ಲ. ನಾನು ಗಡಿಯಾರ ತೋರಿಸಿದೆ, ಅವಳು ಪಂಚಾಂಗ ತೋರಿಸಿದಳು. ಕೊನೆಗೆ 7ನೇ ತಾರೀಕು ಸೋಮವಾರದ ಟಿಕೆಟ್ ಮಾಡಿದೆ, ಅಮ್ಮನ ಭಾನುವಾರ ರಾತ್ರಿ. ಜನವರಿ 4 ತೊಂಬತ್ತನೇ ದಿನ. (ನಡುರಾತ್ರಿ ವಿಮಾನದ ತಾರೀಕು ತಪ್ಪು ತಿಳಿದು ಮಾರನೇ ರಾತ್ರಿ ಏರ್‌ಪೋರ್ಟಿಗೆ ಹೋದ ಬುದ್ಧಿವಂತರನ್ನ ನಾನು ನೋಡಿದ್ದೀನಿ. ಅವರಿಗೆ ಹೋಲಿಸಿದರೆ ಅಮ್ಮನ ಲೆಕ್ಕವೇ ವಾಸಿ.)

ಕೊಬ್ಬರಿ

ಬಾಣಂತಿಗೆ ಏನೇನು ಬೇಕು ಅಂತ ಅಮ್ಮ ಹೇಳ್ತಾ ಹೋದಳು, ನಾನು ಬರೆದುಕೊಂಡೆ. ತುಪ್ಪ, ಕೊಬ್ಬರಿ, ಅಂಟು, ಉತ್ತುತ್ತೆ, ಗಸಗಸೆ, ಮೆಣಸು, ಬೆಲ್ಲ, ಬಜೆ, ಸಾಂಬ್ರಾಣಿ. ಆಮೇಲೆ ಒಂದೊಂದಕ್ಕೂ ನಿಯಮ ಹುಡುಕಿದೆ.

ತುಪ್ಪ ಇಲ್ಲ. ಯುರೋಪಿಯನ್ ಒಕ್ಕೂಟಕ್ಕೆ ಹೊರಗಿಂದ ಹೋಗೋರು ಹಾಲಿನ ಪದಾರ್ಥ, ಮಾಂಸ ಪೆಟ್ಟಿಗೆಯಲ್ಲಿ ಒಯ್ಯೋ ಹಾಗಿಲ್ಲ. ಒಂದು ಹಸುವಿನ ಕಾಯಿಲೆ ಇನ್ನೊಂದು ಕಡೆ ಹೋಗಬಾರದು ಅಂತ. ಅಮ್ಮ ಎರಡು ತಿಂಗಳಿಂದ ಬೆಣ್ಣೆ ಕೂಡಿಸಿ ಮೂರು ಕೆಜಿ ತುಪ್ಪ ಕಾಯಿಸಿಟ್ಟಿದ್ದಳು. "ಅಲ್ಲಿ ಬೆಣ್ಣೆಗೇನು ಬರ, ಕಾಲು ಕಾಲು ಕೆಜಿ ಪ್ಯಾಕೆಟ್ ಎಲ್ಲ ಅಂಗಡೀಲೂ ಸಿಗುತ್ತೆ, ಉಪ್ಪು ಹಾಕಿರಲ್ಲ, ಬಂದು ಕಾಯಿಸು" ಅಂತ ತಂಗಿ ಸಮಾಧಾನ ಮಾಡಿದಳು. ಗಸಗಸೆ ತಮಾಷೆಯದ್ದು. ದುಬೈಗೆ ಒಯ್ದರೆ ಜೈಲು, ಜರ್ಮನಿಯಲ್ಲಿ ಅದನ್ನೇ ಬ್ರೆಡ್ಡಿಗೂ ಕೇಕಿಗೂ ಧಾರಾಳವಾಗಿ ಸುರೀತಾರೆ. ಸಾಂಬ್ರಾಣಿಗೆ ತಂಗಿಯೇ ಬೇಡ ಅಂದಳು. ಅಲ್ಲಿ ಮನೆಗಳಲ್ಲಿ ಸೂರಿಗೆ ಹೊಗೆ ಕಂಡುಹಿಡಿಯೋ ಯಂತ್ರ ಕಡ್ಡಾಯ, ಕೂಸಿಗೆ ಹೊಗೆ ಹಿಡಿದರೆ ಇಡೀ ಬಿಲ್ಡಿಂಗ್ ಎದ್ದು ಆಚೆ ಬರುತ್ತೆ.

ಕೊಬ್ಬರಿ ವಿಷಯ ಮಾತ್ರ ನಾನು ಹುಡುಕಿರಲೇ ಇಲ್ಲ. ಅದರಲ್ಲಿ ಏನಿರುತ್ತೆ ಅಂತ. ಹೊರಡೋ ಹಿಂದಿನ ವಾರ ಏರ್‌ಲೈನ್ ಲಿಸ್ಟ್ ಓದುವಾಗ ಕಣ್ಣಿಗೆ ಬಿತ್ತು. ಪಟಾಕಿ, ಪೆಟ್ರೋಲು, ಗ್ಯಾಸು, ಆಮೇಲೆ ಕೊಬ್ಬರಿ. ಸಾಗಾಣಿಕೆಯಲ್ಲಿ ಅಪಾಯದ ವಸ್ತುಗಳಿಗೆ ವಿಶ್ವಸಂಸ್ಥೆಯ ನಂಬರ್ ಕೊಟ್ಟಿರ್ತಾರೆ, ಕೊಬ್ಬರಿಯದು 1363. ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಅನ್ನೋ ಗುಂಪಿಗೆ ಸೇರಿಸಿದ್ದಾರೆ. ಅಷ್ಟು ಎಣ್ಣೆ ಅದರಲ್ಲಿ.

ಇದನ್ನ ತಿಪಟೂರಿನ ಹೆಂಗಸಿಗೆ ಹೇಳೋದು ಹೇಗೆ? ನಮ್ಮ ಮನೆ ಅಟ್ಟದ ತುಂಬ ಕಾಯಿ. ಕಿತ್ತು ಹಾಕಿ ಎಂಟು ತಿಂಗಳೋ ಹತ್ತು ತಿಂಗಳೋ ಸುಮ್ನೆ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅದಾದ ಮೇಲೆ ಸುಲಿದು, ಕರಟ ಒಡೆದು, ಉಂಡೆ ಕೊಬ್ಬರಿ ತೆಗೆಯೋದು. ಚಿಕ್ಕವರಿದ್ದಾಗ ನಾವು ಆ ಅಟ್ಟದ ಕೆಳಗೇ ಮಲಗ್ತಿದ್ದದ್ದು. ರಾತ್ರಿ ಇಲಿ ಓಡಾಡಿದರೆ ಮೇಲೆ ಕಾಯಿ ಗುಡುಗಿದ ಹಾಗೆ ಆಗ್ತಿತ್ತು. ಅಷ್ಟು ವರ್ಷ ತಲೆ ಮೇಲೆ ಇದ್ದದ್ದು ಯಾವ ದಿನವೂ ಹೊತ್ತಿಕೊಳ್ಳಲಿಲ್ಲ.

ಅಮ್ಮ ಆ ಹೊತ್ತಿಗಾಗಲೇ ಇಪ್ಪತ್ತು ಕೊಬ್ಬರಿ ಆರಿಸಿ, ಬಟ್ಟೆಯಲ್ಲಿ ಉಜ್ಜಿ ಹೊಳೆಯೋ ಹಾಗೆ ಮಾಡಿ, ಹಳೇ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿ ಜೋಡಿಸಿದ್ದಳು. ಪೆಟ್ಟಿಗೆಗೆ 23 ಕೆಜಿ, ಮನೆಯ ಕೊಬ್ಬರಿ ತೂಗೋ ತಕ್ಕಡಿಯಲ್ಲೇ ತೂಗ್ತಿದ್ದೆವು. ನಾನು ಹೇಳಿದೆ. ಅವಳು ನಂಬಲಿಲ್ಲ. ಮೊಬೈಲಲ್ಲಿ ತೋರಿಸಿದೆ. ಸ್ವಲ್ಪ ಹೊತ್ತು ಕೂತಳು. ಆಮೇಲೆ ಒಂದೊಂದೇ ತೆಗೆದು ಮೊರಕ್ಕೆ ಹಾಕಿದಳು. "ಅಲ್ಲಿ ಏಷ್ಯನ್ ಅಂಗಡೀಲಿ ಸಿಗುತ್ತೆ ಅಮ್ಮ, ಕೊಂಡುಕೊಂಡರಾಯ್ತು" ಅಂದೆ. "ದುಡ್ಡು ಕೊಟ್ಟು ಕೊಬ್ಬರಿ ತರೋದು" ಅಂತ ಅಷ್ಟೇ ಅಂದಳು. ಬೈಗುಳದ ಥರ ಇತ್ತು. ಸ್ವಲ್ಪ ಬಿಟ್ಟು, "ಕಾಯಿ?" ಅಂತ ಕೇಳಿದಳು. ನೋಡಿದೆ. ಹಣ್ಣು ತರಕಾರಿಗೆಲ್ಲ ಯುರೋಪಿನವರು ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಕೇಳ್ತಾರೆ, ಐದೇ ಐದಕ್ಕೆ ಬೇಡ. ಬಾಳೆ, ಅನಾನಸ್, ಖರ್ಜೂರ, ಡುರಿಯನ್, ತೆಂಗಿನಕಾಯಿ. ಏರ್‌ಲೈನಿಗೆ ಫೋನ್ ಮಾಡಿದೆ, ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕಿ ಅಂದರು. ಅಮ್ಮ ಎದ್ದು ತೋಟಕ್ಕೆ ಹೋದಳು. ಬಾವಿ ಪಕ್ಕದ ಮರದ್ದು ಎರಡು ಕಾಯಿ, ಜುಟ್ಟು ಬಿಟ್ಟು ಸುಲಿದು ತಂದಳು.

ಇನ್ನೊಂದು ತಯಾರಿ

ಈಗ ನನ್ನ ಶೀಟಲ್ಲಿ ಇಲ್ಲದ್ದು. ಸೆಪ್ಟೆಂಬರ್ ಪೂರ್ತಿ ಅಮ್ಮ ಜರ್ಮನಿ ಬಗ್ಗೆ ಒಂದು ಪ್ರಶ್ನೆಯೂ ಕೇಳಲಿಲ್ಲ. ಹತ್ತು ಗಂಟೆ ವಿಮಾನದಲ್ಲಿ ಹೇಗೆ ಕೂರೋದು, ಇಮಿಗ್ರೇಷನ್‌ನಲ್ಲಿ ಏನು ಹೇಳೋದು, ಚಳಿ ಎಷ್ಟು, ಇದೆಲ್ಲ ನಾನೇ ಹೇಳಬೇಕಿತ್ತು, ಅವಳು ಹೂಂಗುಟ್ಟುತ್ತಾ ಬೇರೇನೋ ಮಾಡ್ತಿದ್ದಳು. ಒಂದಕ್ಕೆ ಮಾತ್ರ ಕಿವಿಗೊಟ್ಟಳು. ಅಲ್ಲಿ ಹೆರಿಗೆಯಾದ ಮೇಲೆ ಹೆಬಾಮೆ, ಅಂದರೆ ಸೂಲಗಿತ್ತಿ, ಮನೆಗೇ ಬಂದು ನೋಡ್ತಾಳೆ, ಹನ್ನೆರಡು ವಾರದವರೆಗೂ, ಖರ್ಚು ಇನ್ಶೂರೆನ್ಸ್‌ದು. ಬಾಣಂತನಕ್ಕೆ ಅವರಲ್ಲೂ ಹೆಸರಿದೆ, ವೋಖನ್‌ಬೆಟ್, ವಾರಗಟ್ಟಲೆ ಹಾಸಿಗೆ ಅಂತ. "ಹಂಗಾದ್ರೆ ತಿಳಿದ ಜನ" ಅಂದಳು. ಅಷ್ಟರಲ್ಲೇ ಜರ್ಮನಿ ಪಾಸಾಯಿತು.

ಶೂ ಮಾತ್ರ ನನ್ನ ಮಾತಿಗೆ ಹಾಕಿಕೊಂಡಳು. ಅದುವರೆಗೆ ಚಪ್ಪಲಿ ಬಿಟ್ಟು ಬೇರೆ ಗೊತ್ತಿಲ್ಲದ ಕಾಲು. ಅಭ್ಯಾಸ ಆಗಲಿ ಅಂತ ದಿನಾ ಸಂಜೆ ತೋಟದಲ್ಲಿ ನಡೀತಿದ್ದಳು, ಸೀರೆ ಸ್ವಲ್ಪ ಎತ್ತಿ ಕಟ್ಟಿ, ಬಿಳೀ ಸಾಕ್ಸು, ಬೂದು ಶೂ, ಕೈಯಲ್ಲಿ ಬಿದ್ದ ಗರಿ ಎಳಕೊಂಡು. ಹೊಸ್ತಿಲ ಹತ್ತಿರ ಬಂದು ಲೇಸ್ ಬಿಚ್ಚಲಾರದೆ ಅಪ್ಪನ್ನ ಕರೀತಿದ್ದಳು. ಅಪ್ಪ ಬಗ್ಗಿ ಬಿಚ್ಚೋರು. ಇಬ್ಬರೂ ಮಾತಾಡ್ತಿರಲಿಲ್ಲ.

ಉಳಿದ ಹೊತ್ತೆಲ್ಲ ಅಪ್ಪನ ತಯಾರಿ. ಸಾರಿನ ಪುಡಿ ಮೂರು ತಿಂಗಳಿಗೆ ಆಗೋಷ್ಟು, ಡಬ್ಬಿ ಮೇಲೆ ಚಮಚದ ಲೆಕ್ಕ ಬರೆದು ಅಂಟಿಸಿದ್ದು. ಮಾತ್ರೆ ಬೆಳಗಿನದ್ದು ಸ್ಟೀಲ್ ಡಬ್ಬಿ, ರಾತ್ರಿದು ಪ್ಲಾಸ್ಟಿಕ್ಕು. ದೇವರ ದೀಪಕ್ಕೆ ಬತ್ತಿ ಎಣಿಸಿ ಕಟ್ಟು ಕಟ್ಟಿದ್ದು, ತೊಂಬತ್ತು. ಹೆಪ್ಪು ಹಾಕೋದನ್ನ ಅಪ್ಪನಿಗೆ ಕಲಿಸಿದ್ದು ಒಂದು ವಾರ. ಹಾಲು ಎಷ್ಟು ಬೆಚ್ಚಗಿರಬೇಕು ಅನ್ನೋದು ಮಾತಲ್ಲಿ ಹೇಳೋಕಾಗದೆ ಅಪ್ಪನ ಕಿರುಬೆರಳು ಹಿಡಿದು ಪಾತ್ರೆಗೆ ಅದ್ದಿಸ್ತಿದ್ದಳು. ಆ ಹೆಪ್ಪು ಅಜ್ಜಿ ಕಾಲದ್ದಂತೆ, ಒಂದು ದಿನವೂ ತಪ್ಪಿಲ್ಲವಂತೆ. ನಿಜವೋ ಸುಳ್ಳೋ. ಅಂಗಡಿ ಮೊಸರು ತಂದರೆ ಆಗಲ್ವಾ ಅಂತ ಕೇಳಿದ್ದಕ್ಕೆ ನನಗೆ ಉತ್ತರವೇ ಕೊಡಲಿಲ್ಲ.

ಹೊರಡೋ ನಾಲ್ಕು ದಿನ ಮುಂಚೆ ದೊಡ್ಡಮ್ಮನ ಮನೆಗೆ ಕರಕೊಂಡು ಹೋಗು ಅಂದಳು. ದೊಡ್ಡಮ್ಮನಿಗೆ ಎಂಬತ್ತರ ಹತ್ತಿರ, ವರ್ಷದಿಂದ ಮಂಚದ ಮೇಲೆ. ನನಗೆ ಎಷ್ಟೊಂದು ಕೆಲಸ ಬಾಕಿ ಇತ್ತು, ಫಾರೆಕ್ಸ್ ಕಾರ್ಡ್ ಇನ್ನೂ ಹಳದಿಯಲ್ಲೇ ಇತ್ತು. ಗೊಣಗಿಕೊಂಡೇ ಹೋದೆ. ಅಮ್ಮ ಅಕ್ಕನ ತಲೆಗೆ ಎಣ್ಣೆ ಹಚ್ಚಿದಳು, ಉಗುರು ಕತ್ತರಿಸಿದಳು, ಒಂದು ಸೀರೆ ಕೊಟ್ಟಳು. ಹೊರಡುವಾಗ ದೊಡ್ಡಮ್ಮನ ಸೊಸೆಯನ್ನ ಬಚ್ಚಲ ಹತ್ತಿರ ಕರೆದಳು. ನಾನು ಗಾಡಿ ತಿರುಗಿಸ್ತಿದ್ದೆ, ಕಿಟಕಿ ತೆಗೆದಿತ್ತು, ಕೇಳಿಸಿತು. "ನಾನಿಲ್ಲದಾಗ ಏನಾದ್ರೂ ಆದ್ರೆ ನನಗೋಸ್ಕರ ಕಾಯಬೇಡಿ ಕಣಮ್ಮ. ಹೊತ್ತಿಗೆ ಸರಿಯಾಗಿ ಮಾಡಿಬಿಡಿ. ನನಗೆ ಫೋನೂ ಮಾಡಬೇಡಿ, ಅಲ್ಲಿ ಹಸುಗೂಸು ಇರುತ್ತೆ." ದಾರಿಯಲ್ಲಿ ಬರ್ತಾ ಕಿಟಕಿ ಆಚೆ ನೋಡ್ತಾ ಕೂತಿದ್ದಳು. ಹಾಲ್ಕುರಿಕೆ ಕೆರೆಯಲ್ಲಿ ನೀರಿದೆಯಾ ಅಂತ ಒಮ್ಮೆ ಕೇಳಿದಳು, ಅಷ್ಟೇ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನಾನು ಹಾರಿಸಿ ಓದಿದ್ದ ಸಾಲು ನೆನಪಾಗಿ, ಮಾತಾಡೋಕೆ ಏನೂ ತೋಚಲಿಲ್ಲ.

(ದೊಡ್ಡಮ್ಮ ಗಟ್ಟಿ. ಇವತ್ತಿಗೂ ಇದ್ದಾರೆ.)

ಏರ್‌ಪೋರ್ಟ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಎರಡನೇ ಟರ್ಮಿನಲ್ಲಿನ ಬಿದಿರು, ತೂಗುಬಿಟ್ಟ ಗಿಡಗಳನ್ನ ನೋಡಿ "ಇಷ್ಟಕ್ಕೆಲ್ಲ ನೀರು ಯಾರು ಹಾಕ್ತಾರೆ?" ಅಂದಳು. ವೀಲ್‌ಚೇರ್ ಹೇಳಿದ್ದೆ, ನಡೆಯೋಕಾಗಲ್ಲ ಅಂತಲ್ಲ, ದಾರಿ ತಪ್ಪಬಾರದು ಅಂತ. ತಳ್ಳೋಕೆ ಬಂದ ಹುಡುಗ ರಾಯಚೂರಿನವನು. ಅವನ ಊರು, ಮನೆ, ಮದುವೆ ವಿಚಾರಿಸಿಕೊಳ್ತಾ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ಅಲ್ಲಿ ಇಮಿಗ್ರೇಷನ್‌ನವರು ಸರ್‌ನೇಮ್ ಕೇಳಲಿಲ್ಲವಂತೆ, ಆದರೆ ತಂಗಿಯ ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನ "ಫ್ರಾವ್" ಅಂತ, ಅಂದರೆ ಶ್ರೀಮತಿ ಅಂತ, ಸೇರಿಸಿ ಅಪ್ಪನ ಹೆಸರಲ್ಲೇ ಕೂಗ್ತಿದ್ದರಂತೆ. ಮೊದಮೊದಲು ಅಪ್ಪನೇ ಬಂದುಬಿಟ್ಟರಾ ಅಂತ ಬಾಗಿಲ ಕಡೆ ನೋಡ್ತಿದ್ದಳು ಅಂತ ತಂಗಿ ನಗ್ತಾಳೆ.

ದೊಡ್ಡಪ್ಪನ ಮಗಳಿಗೆ ಲಿಸ್ಟ್ ಕಳಿಸಿದೆ. ಕೊಬ್ಬರಿಯದೊಂದು ಸಾಲು ಹೊಸದಾಗಿ ಸೇರಿಸಿದೆ, ಕೆಂಪಲ್ಲಿ. ಗಡಿಯಾರದ್ದನ್ನ ಸೇರಿಸಬೇಕಾ ಅಂತ ಯೋಚಿಸಿ, ಯಾವ ಕಾಲಂಗೆ ಹಾಕೋದು ಗೊತ್ತಾಗದೆ ಬಿಟ್ಟೆ.

ಅಮ್ಮ ಹೋದ ದಿನ ಅಪ್ಪ ಅಟ್ಟದಿಂದ ಹಳೇ ಗೋಡೆ ಗಡಿಯಾರ ಇಳಿಸಿ, ಅಡುಗೆಮನೆ ಬಾಗಿಲ ಮೇಲೆ ತೂಗುಹಾಕಿದ್ದರು. ಅಜ್ಜನ ಕಾಲದ್ದು, ಕೀ ಕೊಡೋದು, ಗಂಟೆ ಹೊಡೆಯೋದು. ಮೂರೂವರೆ ಗಂಟೆ ಹಿಂದೆ, ಜರ್ಮನಿ ಟೈಮಿಗೆ. ದಿನಾ ಅದರಲ್ಲಿ ಏಳು ಹೊಡೆದಾಗ, ನಮ್ಮ ಹತ್ತೂವರೆಗೆ, ಅಮ್ಮ ಫೋನ್ ಮಾಡ್ತಿದ್ದಳು. ಅಕ್ಟೋಬರ್ 27ರ ಭಾನುವಾರ ನಾನು ಊರಲ್ಲಿದ್ದೆ. ಏಳು ಹೊಡೆಯಿತು, ಫೋನಿಲ್ಲ. ಹನ್ನೊಂದಾಯಿತು, ಇಲ್ಲ. ಅಪ್ಪ ಅಂಗಳಕ್ಕೂ ಅಡುಗೆಮನೆಗೂ ನಾಲ್ಕು ಸಲ ಓಡಾಡಿದರು, ಮೊಬೈಲ್ ಚಾರ್ಜು ಇದೆಯಾ ನೋಡು ಅಂದರು. ಹನ್ನೊಂದೂವರೆಗೆ ಬಂತು. ಅಮ್ಮ ಮಾಮೂಲಿನ ಹಾಗೆ, ಏಳು ಗಂಟೆಗೆ ಸರಿಯಾಗಿ ಮಾಡ್ತಿದ್ದೀನಿ ಅಂದುಕೊಂಡೇ ಮಾಡಿದ್ದಳು. ಅವತ್ತು ಬೆಳಗಿನ ಜಾವ ಅಲ್ಲಿ ಚಳಿಗಾಲಕ್ಕೆ ಅಂತ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹಾಕಿದ್ದರು. ನಾಲ್ಕೂವರೆ ಗಂಟೆ ಆಯಿತು ವ್ಯತ್ಯಾಸ. ಇದು ನನಗೆ ಗೊತ್ತಿದ್ದದ್ದೇ, ಅಪ್ಪನಿಗೆ ಹೇಳೋದು ಮರೆತಿದ್ದೆ.

"ಅಂದ್ರೆ ಇನ್ನೂ ಒಂದು ಗಂಟೆ ದೂರ ಹೋದ್ಲಾ?" ಅಂದರು ಅಪ್ಪ.

ದೂರ ಅಷ್ಟೇ ಇರುತ್ತೆ, ಬರೀ ಗಡಿಯಾರದ ಲೆಕ್ಕ ಅಂತ ಹೇಳಿದೆ. ಅವರು ಸ್ಟೂಲ್ ಎಳೆದು ಹತ್ತಿದರು. ನಾನು ಮುಳ್ಳು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಅಂದೆ. ಹಿಂದಕ್ಕೆ ತಿರುಗಿಸಿದರೆ ಗಂಟೆ ಹೊಡೆಯೋದು ಕೆಡುತ್ತಂತೆ, ಅಜ್ಜ ಹೇಳಿದ್ದರಂತೆ. ಅದಕ್ಕೇ ಮುಂದಕ್ಕೆ ತಿರುಗಿಸಿದರು. ಒಂಬತ್ತು, ಹತ್ತು, ಹನ್ನೊಂದು. ಪ್ರತಿ ಗಂಟೆಗೂ ನಿಂತು, ಅದು ಹೊಡೆಯೋದು ಮುಗಿಯೋವರೆಗೂ ಕಾದು, ಮತ್ತೆ ತಿರುಗಿಸಿ, ಹೀಗೆ ಹನ್ನೊಂದು ಸುತ್ತು. ಫೋನಲ್ಲಿ ಅಮ್ಮ, "ಅದೇನು ಅಷ್ಟೊಂದು ಗಂಟೆ, ದೇವಸ್ಥಾನದಲ್ಲಿದ್ದೀರಾ?" ಅಂತ ಕೇಳ್ತಾನೇ ಇದ್ದಳು.